ಶಂಶಣ್ಣ ನೇರ ಮಾಡಿದ ಹಾಯಿ

ನನ್ನ ಹೆಸರು ಚೆಲುವರಾಜು. ಹುಣಸೂರಿನ ಬಜಾರ್ ರಸ್ತೆಯಲ್ಲಿ ನನ್ನದೊಂದು ಹಗ್ಗದ ಅಂಗಡಿ. ಪಕ್ಕದ್ದು ಶಂಶುದ್ದೀನನ ಟಾರ್ಪಾಲು ಹೊಲಿಯುವ ಅಂಗಡಿ. ಇಪ್ಪತ್ತಾರು ವರ್ಷದಿಂದ ನಮ್ಮಿಬ್ಬರ ನಡುವೆ ಇರುವುದು ಒಂದು ಇಟ್ಟಿಗೆ ಗೋಡೆ ಮಾತ್ರ. ನನಗಿಂತ ಹತ್ತು ವರ್ಷ ದೊಡ್ಡವನು, ಅದಕ್ಕೆ ನಾನು ಶಂಶಣ್ಣ ಅನ್ನುತ್ತೇನೆ. ಮನುಷ್ಯ ಒಳ್ಳೆಯವನು. ಆದರೆ ಅವನಷ್ಟು ಅನುಮಾನದ ಪ್ರಾಣಿ ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ, ಅವನ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ.

ಚಹಾ ಕೊಟ್ಟರೆ ಮೊದಲು ಲೋಟದ ತಳ ನೋಡುತ್ತಾನೆ. ದಾರದ ಉಂಡೆ ತಂದರೆ ಅಷ್ಟೂ ಬಿಚ್ಚಿ ಅಳೆಯುತ್ತಾನೆ. ನನ್ನ ಅಂಗಡಿಯ ಹಗ್ಗವನ್ನು ಕೊಳ್ಳುವಾಗಲೂ ತೂಕ ಹೆಚ್ಚಲಿ ಅಂತ ನೀರು ಚಿಮುಕಿಸಿದ್ದೀನೇನೋ ಎಂದು ಮೂಸಿ ನೋಡುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅವನ ಹೆಂಡತಿ ರಹೀಮುನ್ನೀಸಾ ಹೇಳುವುದನ್ನು ಕೇಳಿದ ಮೇಲೆ ನನ್ನ ಪಾಡು ಎಷ್ಟೋ ಮೇಲು ಅನ್ನಿಸುತ್ತದೆ. "ನಿಕಾ ದಿನ ನನ್ನ ಎಸ್ರು ಸರಿಯಾಗಿ ಬರ್ದವ್ರಾ ಅಂತ ಮೂರು ಸಲ ಓದ್ಸವ್ರೆ ಕಣಪ್ಪ" ಎಂದು ಆಕೆ ಇವತ್ತಿಗೂ ನಗುತ್ತಾಳೆ.

ಹುಟ್ಟಿದಾಗಿನಿಂದ ಹೀಗಿರಲಿಲ್ಲವಂತೆ. ಮದುವೆಗೂ ಮುಂಚೆ ಒಮ್ಮೆ ಪಿರಿಯಾಪಟ್ಟಣದ ಒಬ್ಬ ಲಾರಿ ಮಾಲೀಕ ಹರಿದ ಟಾರ್ಪಾಲು ತಂದು ಬಿಸಾಡಿದ. ಹೊಲಿಗೆ ಬಿಟ್ಟುಕೊಂಡು ಹನ್ನೆರಡು ಬೇಲು ತಂಬಾಕು ನೆಂದುಹೋಯಿತು, ದುಡ್ಡು ಕೊಡು ಎಂದ. ಶಂಶಣ್ಣ ಬಾಯಿ ಮುಚ್ಚಿಕೊಂಡು ಕೊಟ್ಟ. ಆರು ತಿಂಗಳ ಮೇಲೆ ಗೊತ್ತಾಯಿತು, ಟಾರ್ಪಾಲು ಹರಿದದ್ದು ಮರದ ಕೊಂಬೆಗೆ ಸಿಕ್ಕಿ. ಅವತ್ತಿನಿಂದ ಅವನು ಯಾರನ್ನೂ ನಂಬುವುದಿಲ್ಲ, ತನ್ನ ಹೊಲಿಗೆಯನ್ನೂ ಸೇರಿಸಿ. ಹೊಲಿದದ್ದನ್ನು ನಾಲ್ಕು ಗೂಟಕ್ಕೆ ಬಿಗಿಯಾಗಿ ಕಟ್ಟಿ, ಮೇಲೆ ಒಂದು ಬಿಂದಿಗೆ ನೀರು ಸುರಿಯುತ್ತಾನೆ. ನೀರು ಸರಕ್ಕನೆ ಹರಿದುಹೋಗಬೇಕು. ನಡುವೆ ಒಂದು ಬೊಟ್ಟಿನಷ್ಟು ನಿಂತರೂ ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿಯುತ್ತಾನೆ. "ಟಾರ್ಪಾಲ್ಗೆ ಒಟ್ಟೆ ಬರ್ಬಾರ್ದು ಕಣ್ಲಾ, ಉಬ್ಕಂಡ್ರೆ ನೀರು ನಿಂತು ಒಳಗಿನ ಮಾಲು ಕೊಳೀತದೆ" ಅನ್ನುವುದು ಅವನ ಮಾತು. ಎಚ್.ಡಿ. ಕೋಟೆಯ ಹತ್ತಿಯವರು, ಕೆ.ಆರ್. ನಗರದ ಭತ್ತದವರು ಅವನನ್ನೇ ಹುಡುಕಿಕೊಂಡು ಬರುವುದು ಈ ಚಪ್ಪಟೆ ಹೊಲಿಗೆಗಾಗಿ.

ಹೋದ ವರ್ಷ ದಸರೆ ಮುಗಿದ ವಾರ ಅಂಗಡಿಯ ಮುಂದೆ ಒಂದು ಆಟೋ ನಿಂತಿತು. ಇಳಿದವರು ಅರವತ್ತು ದಾಟಿದ ಗಂಡ ಹೆಂಡತಿ, ಜೊತೆಗೆ ಆಳುದ್ದದ ಒಂದು ಚೀಲ. ಗಂಡ ವಿರೂಪಾಕ್ಷ, ಸಾಲಿಗ್ರಾಮದಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಅಂಗಡಿ ಇಟ್ಟಿದ್ದವರು. ಹೆಂಡತಿ ಉಷಾರಾಣಿ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಚೀಲದಲ್ಲಿ ಹಾಯಿದೋಣಿಯ ದೊಡ್ಡ ಹಾಯಿ ಇದೆ, ಬಿಸಿಲಿಗೆ ದಾರ ಲಡ್ಡಾಗಿ ಹೊಲಿಗೆ ಬಿಟ್ಟುಕೊಳ್ಳುತ್ತಿದೆ, ಹೊಸ ದಾರ ಹಾಕಿ ಹೊಲಿದುಕೊಡಬೇಕು ಎಂದರು.

"ದೋಣಿ ಯಾರ್ದು ಸ್ವಾಮಿ?" ಎಂದು ಶಂಶಣ್ಣ ಕೇಳಿದ.

"ನಮ್ದೇ. ಅದ್ರಲ್ಲೇ ಇರೋದು ನಾವು" ಎಂದರು ವಿರೂಪಾಕ್ಷ.

"ಇರೋದು ಅಂದ್ರೆ?"

"ಸಂಸಾರ ಮಾಡ್ಕೊಂಡು ಇರೋದು ಕಣ್ರೀ. ಕಣ್ಣೂರಿನಾಚೆ ಹಿನ್ನೀರಲ್ಲಿ ಕಟ್ಟಿರ್ತೀವಿ. ಮಳೆಗಾಲ ಮುಗೀತಿದ್ದಂಗೆ ಗೋವಾ ಕಡೆ ಒಂದು ಸುತ್ತು, ಕೊಚ್ಚಿ ಕಡೆ ಒಂದು ಸುತ್ತು. ನಾಲ್ಕು ವರ್ಷ ಆಯ್ತು."

"ಮತ್ತೆ ಸಾಲಿಗ್ರಾಮದ ಮನೆ?"

"ಮಾರುದ್ವಿ."

ಶಂಶಣ್ಣ ನನ್ನ ಕಡೆ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಚೀಲದ ಸುತ್ತ ಒಂದು ಸುತ್ತು ಬಂದ, ಬಗ್ಗಿ ಮೂಸಿದ, ಹೊರಗಿನಿಂದಲೇ ಕೈಯಿಂದ ಒತ್ತಿ ಒಳಗೆ ಗಟ್ಟಿಯಾದದ್ದು ಏನಾದರೂ ಇದೆಯೇ ಎಂದು ತಡವಿದ. ಆಮೇಲೆ ಆಧಾರ್ ಕಾರ್ಡ್ ಕೇಳಿದ. ಅದರಲ್ಲಿ ಸಾಲಿಗ್ರಾಮದ ಮನೆಯ ವಿಳಾಸವೇ ಇತ್ತು.

"ಇದು ಮಾರಿರೋ ಮನೆ. ಅಂಗಾರೆ ನೀವು ಎಲ್ಲೂ ಇಲ್ಲ ಅಂತ ಆಯ್ತು" ಎಂದ.

ವಿರೂಪಾಕ್ಷರು ನಕ್ಕರು. ಉಷಾರಾಣಿ ನಗಲಿಲ್ಲ. ನನಗೂ ಒಳಗೊಳಗೇ ಅನುಮಾನ ಶುರುವಾಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಮನೆ ಮಠ ಮಾರಿ ನೀರಿನ ಮೇಲೆ ಯಾರು ಇರುತ್ತಾರೆ? ಒಂದೋ ತಲೆ ಕೆಟ್ಟವರು, ಇಲ್ಲವೇ ಕದ್ದ ಮಾಲು ಸಾಗಿಸುವವರು ಎಂದುಕೊಂಡೆ.

"ಖರ್ಚು ಎಂಗೆ?" ಎಂದು ಶಂಶಣ್ಣ ಪೊಲೀಸನ ಹಾಗೆ ಕೇಳಿದ. "ಅಷ್ಟು ದೊಡ್ಡ ದೋಣಿ ಸಾಕೋಕೆ ದುಡ್ಡು ಎಲ್ಲಿಂದ ಬತ್ತದೆ?"

ಉಷಾರಾಣಿಯ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ ಹೊರಟು ಹೋಗುತ್ತಿದ್ದರು. ಅವರು ಸ್ಟೂಲು ಎಳೆದುಕೊಂಡು ಕೂತು ಬೆರಳು ಮಡಚತೊಡಗಿದರು. ಮನೆ ಮಾರಿ ಬಂದದ್ದು ಇಪ್ಪತ್ತೆರಡು ಲಕ್ಷ. ಗೋವಾದಲ್ಲಿ ಮಂಡಿನೋವಿನ ಒಬ್ಬ ಮುದುಕ ದೋಣಿಯನ್ನು ಹದಿನಾರಕ್ಕೆ ಕೊಟ್ಟ. ಕಟ್ಟುವ ಜಾಗಕ್ಕೆ ತಿಂಗಳಿಗೆ ನಾಲ್ಕು ಸಾವಿರ. ಡೀಸೆಲ್ಲು ಎರಡೂವರೆ. ಊಟ, ಗ್ಯಾಸು, ಕುಡಿಯುವ ನೀರು ಎಂಟೂವರೆ. ವರ್ಷಕ್ಕೊಂದು ಸಲ ಕ್ರೇನಿನಲ್ಲಿ ಮೇಲೆತ್ತಿ, ತಳಕ್ಕೆ ಹತ್ತಿದ ಚಿಪ್ಪು ಕೆರೆದು ಬಣ್ಣ ಬಳಿಯಬೇಕು, ವಿಮೆ ಕಟ್ಟಬೇಕು. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಏಳು ಸಾವಿರ. ಮುರಿದದ್ದು ಕೆಟ್ಟದ್ದಕ್ಕೆ ಅಂತ ತೆಗೆದಿಡುವುದು ಆರು.

"ಇಪ್ಪತ್ತೆಂಟು ಸಾವಿರ. ನನ್ನ ಪೆನ್ಷನ್ನು ಮೂವತ್ತೊಂದು. ಏನೂ ಮುರೀದೆ ಇದ್ರೆ ಮೂರು ಸಾವಿರ ಉಳೀತದೆ" ಎಂದರು. "ಏನೂ ಮುರೀದ ತಿಂಗಳು ಇನ್ನೂ ಬಂದಿಲ್ಲ."

ಹೊಸ ಹಾಯಿಗೆ ಮೂರೂವರೆ ಲಕ್ಷ ಕೇಳಿದ್ದಾರೆ, ಬ್ಯಾಂಕಿನಲ್ಲಿ ಇರುವುದು ಒಂದೂವರೆ. ಹಾಯಿ ಇಲ್ಲದೆ ಬರೀ ಇಂಜಿನ್ನಿನ ಮೇಲೆ ಓಡಾಡಿದರೆ ಎರಡೂವರೆ ಸಾವಿರದ ಡೀಸೆಲ್ಲು ಹನ್ನೆರಡು ಆಗುತ್ತದೆ. ಆಗ ದೋಣಿಯನ್ನು ಸಿಕ್ಕಿದ ಬೆಲೆಗೆ ಮಾರಿ ಯಾವುದಾದರೂ ಊರಿನಲ್ಲಿ ಬಾಡಿಗೆ ಮನೆ ಹಿಡಿಯಬೇಕು. ಅವರು ಇದನ್ನೆಲ್ಲ ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ತಿಳಿಸುವ ದನಿಯಲ್ಲಿ ಹೇಳಿದರು.

"ಇದ್ದಂಗೇ ಹೊಲೀರಿ ಸಾಬ್ರೆ. ಹಳೇ ದಾರ ಬಿಚ್ಚಿ, ಅದೇ ತೂತಿನ ಮೇಲೆ ಹೊಸ ದಾರ. ಬೇರೇನೂ ಬೇಡ" ಎಂದು ಎರಡು ಸಲ ಹೇಳಿ, ಒಂಬತ್ತು ಸಾವಿರಕ್ಕೆ ಒಪ್ಪಿಸಿ ಅರ್ಧ ಕೊಟ್ಟು ಹೋದರು.

ಶಂಶಣ್ಣ ಹಾಯಿಯನ್ನು ಜಗುಲಿಯ ಮೇಲೆ ಹಾಸಿದ. ಒಂಬತ್ತು ಪಟ್ಟಿಗಳನ್ನು ಸೇರಿಸಿ ಹೊಲಿದ ಬಿಳಿ ಬಟ್ಟೆ. ಎಷ್ಟು ಎಳೆದರೂ ನೆಲಕ್ಕೆ ಕೂರಲಿಲ್ಲ, ನಡುವೆ ಅಲ್ಲಲ್ಲಿ ಉಬ್ಬಿಕೊಂಡಿತು. ಒಂದು ಹೊಲಿಗೆ ಬಿಚ್ಚಿ ನೋಡಿದ. ಪಟ್ಟಿಯ ಅಂಚು ನೇರವಾಗಿರಲಿಲ್ಲ. ನಡುವೆ ಒಂದು ಬೆರಳು ಅಗಲ ಹೊರಗೆ ಬಾಗಿತ್ತು. ಎಲ್ಲ ಎಂಟು ಹೊಲಿಗೆಯಲ್ಲೂ ಅದೇ ಕತೆ.

"ನೋಡ್ಲಾ ಚೆಲುವ, ಯಾವನೋ ಕುಡುದ್ಬುಟ್ಟು ಕತ್ತರಿ ಹಿಡ್ದವ್ನೆ" ಎಂದು ನನ್ನನ್ನು ಕರೆದ. ಸ್ವಲ್ಪ ಹೊತ್ತು ಬಿಟ್ಟು ಮುಖ ಗಂಟಿಕ್ಕಿಕೊಂಡು, "ಇಲ್ಲ ಕಣ್ಲಾ. ಕೆಟ್ಟೋಗಿರೋದ್ನ ಬೇಕೂಂತ್ಲೇ ನನ್ನ ಕೈಗೆ ಕೊಟ್ಟವ್ರೆ. ಇದ್ದಂಗೇ ಹೊಲಿ ಅಂತ ಎರಡು ಸಲ ಯಾಕಂದ್ರು? ನಾಳೆ ಸಾಬ ಕೆಡಿಸ್ಬುಟ್ಟ, ಹೊಸದಕ್ಕೆ ದುಡ್ಡು ಕೊಡು ಅಂತ ಬತ್ತಾರೆ" ಎಂದ.

ಆ ಲಾರಿ ಮಾಲೀಕ ಅವನ ತಲೆಯೊಳಗೆ ಇನ್ನೂ ಕೂತಿದ್ದ. ನಾನಾದರೂ ಒಂದು ಫೋನ್ ಮಾಡಿ ಕೇಳಣ್ಣ ಅನ್ನಬಹುದಿತ್ತು. ಅನ್ನಲಿಲ್ಲ. ಹೌದು ಕಣಣ್ಣ, ನನಗೂ ಹಂಗೇ ಅನ್ನಿಸ್ತದೆ ಎಂದೆ. ಅವನು ಎಂಟೂ ಹೊಲಿಗೆ ಬಿಚ್ಚಿ, ಗೀಟು ಹಾಕಿ, ಬಾಗಿದ ಅಂಚುಗಳನ್ನೆಲ್ಲ ಕತ್ತರಿಯಿಂದ ನೇರ ಮಾಡಿದ. ಬಿದ್ದ ತುಂಡುಗಳು ಸೌತೆಕಾಯಿ ಸಿಪ್ಪೆಯ ಹಾಗೆ ನಡುವೆ ಅಗಲ, ತುದಿಗೆ ಸಣ್ಣ. ಗಟ್ಟಿ ಬಟ್ಟೆ, ಹಗ್ಗದ ಸುರುಳಿ ಕಟ್ಟುವುದಕ್ಕೆ ಆಗುತ್ತದೆ ಎಂದು ನಾನೇ ಬಾಚಿಕೊಂಡು ಬಂದೆ. ಹನ್ನೊಂದು ದಿನ ಬೇರೆ ಕೆಲಸ ಮುಟ್ಟದೆ ಅವನು ಆ ಹಾಯಿ ಹೊಲಿದ. ಗೂಟಕ್ಕೆ ಕಟ್ಟಿ ನೀರು ಸುರಿದರೆ ಒಂದು ಹನಿ ನಿಲ್ಲಲಿಲ್ಲ. ಹೆಚ್ಚಿನ ಕೆಲಸಕ್ಕೆ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. ವಿರೂಪಾಕ್ಷರು ಬಂದು, ಮಡಚಿಟ್ಟದ್ದನ್ನು ಮಡಚಿದಂತೆಯೇ ತೆಗೆದುಕೊಂಡು ಕೈ ಮುಗಿದು ಹೋದರು.

ಇಪ್ಪತ್ತು ದಿನದ ಮೇಲೆ ಉಷಾರಾಣಿಯ ಫೋನು ಬಂತು. ಶಂಶಣ್ಣ ಸ್ಪೀಕರಿಗೆ ಹಾಕಿ ನನ್ನನ್ನು ಸಾಕ್ಷಿಗೆ ಕರೆದ. ಹಾಯಿ ಗಾಳಿ ಹಿಡಿಯುತ್ತಿಲ್ಲ, ಬರೀ ಪಟಪಟ ಬಡಿದುಕೊಳ್ಳುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ದೋಣಿ ಮುಂದಕ್ಕೆ ಹೋಗದೆ ಪಕ್ಕಕ್ಕೆ ಜಾರಿ ಕಲ್ಲಿನ ಗೋಡೆಗೆ ಬಡಿಯುವುದರಲ್ಲಿತ್ತು. ಇಂಜಿನ್ನು ಹತ್ತಿಕೊಂಡಿದ್ದಕ್ಕೆ ಜೀವ ಉಳಿಯಿತು ಎಂದರು. "ಏನ್ ಮಾಡುದ್ರಿ ಸಾಬ್ರೆ ಅದಕ್ಕೆ?" ಎಂದು ಕೇಳಿದರು.

"ನಾನು ಏಳಿರ್ಲಿಲ್ವಾ?" ಎಂದು ಅವನು ಫೋನಿಟ್ಟು ನನ್ನ ಕಡೆ ತಿರುಗಿದ. ಗೆದ್ದವನ ಮುಖ. "ಬತ್ತಾರೆ ಅಂದೆ, ಬಂದ್ರು. ನಡಿ, ದೋಣಿ ಐತೋ ಇಲ್ವೋ ಅದ್ನೇ ಮೊದ್ಲು ನೋಡ್ಕಂಡು ಬರಾನ."

ಗೋಣಿಕೊಪ್ಪ, ವಿರಾಜಪೇಟೆ ದಾಟಿ ಘಾಟಿ ಇಳಿದು ಕಣ್ಣೂರು ಸೇರುವವರೆಗೂ ಅವನು ಅವರ ಮೋಸವನ್ನೇ ಬಿಡಿಸಿ ಬಿಡಿಸಿ ಹೇಳಿದ. ಫೋನಿನಲ್ಲಿ ಬಡಿತದ ಸದ್ದು ಕೇಳಿಸಿದ್ದು ಹಾಯಿಯದಲ್ಲ, ಯಾರೋ ಪಕ್ಕದಲ್ಲಿ ಕಂಬಳಿ ಒದರುತ್ತಿದ್ದರು ಎಂದ. ನಾನು ಹೂಂಗುಟ್ಟಿದೆ.

ದೋಣಿ ಇತ್ತು. ತೆಂಗಿನ ಮರಗಳ ಪಕ್ಕದ ಒಂದು ಕಟ್ಟೆಗೆ ಬಿಗಿದಿದ್ದರು. ಒಳಗೆ ಇಳಿದರೆ ಅಡುಗೆಮನೆ ಎಂದರೆ ನಮ್ಮ ಮನೆಯ ದೇವರ ಗೂಡಿನಷ್ಟು. ಪಾತ್ರೆಯನ್ನು ಹೊಳೆಯ ಉಪ್ಪು ನೀರಿನಲ್ಲಿ ತೊಳೆದು, ಕೊನೆಯಲ್ಲಿ ಮಾತ್ರ ಒಂದು ಲೋಟ ಸಿಹಿನೀರು ಹಾಕುತ್ತಿದ್ದರು. ಶಂಶಣ್ಣ ಕೇಳದೆಯೇ ಒಂದೊಂದು ಮುಚ್ಚಳ ಎತ್ತಿ ನೋಡಿದ. ರಾಗಿಹಿಟ್ಟು, ಹುರುಳಿಕಾಳು, ಗಂಡನ ಬಿಪಿ ಮಾತ್ರೆ, ಸಾಲಿಗ್ರಾಮದ ಮನೆಯ ಬೀಗದ ಕೈ ನೇತುಹಾಕುತ್ತಿದ್ದ ಒಂದು ಹಲಗೆ. ಉಷಾರಾಣಿ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡುತ್ತಿದ್ದರು.

"ಎಲ್ಲಾ ನೋಡುದ್ರಾ? ಈಗ ಮೇಲೆ ಬನ್ನಿ" ಎಂದರು.

ದೋಣಿಯನ್ನು ಅಗಲವಾದ ನೀರಿಗೆ ತಂದು ವಿರೂಪಾಕ್ಷರು ದೊಡ್ಡ ಹಾಯಿ ಏರಿಸಿದರು. ಶಂಶಣ್ಣ ಹೊಲಿದದ್ದು ಆಕಾಶದಲ್ಲಿ ಗೋಡೆಗೆ ಹೊಡೆದ ರಟ್ಟಿನಂತೆ ನಿಂತಿತು. ಗಾಳಿ ಬಂದರೆ ಆ ಕಡೆ ಒಂದು ಬಡಿತ, ಈ ಕಡೆ ಒಂದು ಬಡಿತ. ದೋಣಿ ಇದ್ದಲ್ಲೇ ಕುಲುಕಿತು. ಆಮೇಲೆ ಅವರು ಅದನ್ನು ಇಳಿಸಿ, ಮುಂದಿನ ಸಣ್ಣ ಹಾಯಿ ಬಿಚ್ಚಿದರು. ಅದನ್ನು ನಾವ್ಯಾರೂ ಮುಟ್ಟಿರಲಿಲ್ಲ. ಅದು ಒಂದೇ ಉಸಿರಿಗೆ ತುಂಬು ಬಸುರಿಯಂತೆ ಉಬ್ಬಿತು, ದೋಣಿ ಪಕ್ಕಕ್ಕೆ ವಾಲಿ ಹೊರಟೇಬಿಟ್ಟಿತು. ನಾನು ಹೆದರಿ ಕಂಬಿ ಹಿಡಿದುಕೊಂಡೆ.

"ಬೊಗಸೇಲಿ ನೀರು ನಿಲ್ತದೆ, ಚಪ್ಪಟೆ ಅಂಗೈಲಿ ನಿಲ್ತದಾ?" ಎಂದು ವಿರೂಪಾಕ್ಷರು ಮೆಲ್ಲಗೆ ಕೇಳಿದರು. "ಗಾಳೀನೂ ಅಂಗೇ ಕಣ್ರೀ. ಆ ಬಾಗು ಬೇಕೂಂತ್ಲೇ ಕತ್ತರಿಸಿರೋದು."

ಶಂಶಣ್ಣ ಎದ್ದು ಹೋಗಿ ಆ ಸಣ್ಣ ಹಾಯಿಯ ಉಬ್ಬಿನ ಮೇಲೆ ಅಂಗೈ ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ನಲವತ್ತೈದು ವರ್ಷದ ಹೊಲಿಗೆಯಲ್ಲಿ ಯಾವ ಉಬ್ಬನ್ನು ಹುಡುಕಿ ಹುಡುಕಿ ಕೊಂದಿದ್ದನೋ ಅದೇ ಇಲ್ಲಿ ಇಬ್ಬರು ಮುದುಕರ ಮನೆಯನ್ನು ಎಳೆಯುತ್ತಿತ್ತು. ಆಮೇಲೆ ಉಷಾರಾಣಿಯ ಕಡೆ ತಿರುಗಿದ.

"ತಪ್ಪು ನಂದು ತಾಯಿ" ಎಂದ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಅಂಚು ಕತ್ತರಿಸ್ಬುಟ್ಟೆ. ನೀವು ಮೋಸ ಮಾಡಕ್ಕೆ ಬಂದಿದ್ದೀರಿ ಅಂದ್ಕಂಡೆ."

"ಇದ್ದಂಗೇ ಹೊಲೀರಿ ಅಂದಿದ್ದೆ" ಎಂದರು ಉಷಾರಾಣಿ. "ಎರಡು ಸಲ ಅಂದಿದ್ದೆ. ನನ್ನ ಮನೆ ಲೆಕ್ಕಾನೆಲ್ಲ ನಿಮ್ಮ ಮುಂದೆ ಬಿಚ್ಚಿಟ್ಟೆ, ಯಾಕೆ ಗೊತ್ತಾ? ಎಂಥಾ ಹೊತ್ನಲ್ಲಿ ನಿಮ್ಮ ಕೈಗೆ ಕೊಡ್ತಾ ಇದ್ದೀವಿ ಅಂತ ತಿಳೀಲಿ ಅಂತ. ನೀವು ನಮ್ಮ ಆಧಾರ್ ಕಾರ್ಡ್ ನೋಡ್ತಾ ಕೂತ್ರಿ."

ನನಗೆ ತಲೆ ಎತ್ತಲು ಆಗಲಿಲ್ಲ. ಕತ್ತರಿಸಿದ ತುಂಡುಗಳು ನನ್ನ ಅಂಗಡಿಯಲ್ಲಿವೆ, ಅದರ ಅಳತೆ ಇಟ್ಟುಕೊಂಡು ಬಾಗನ್ನು ಮತ್ತೆ ಕೂಡಿಸಬಹುದು ಎಂದು ಹೇಗೋ ಬಾಯಿ ಬಿಟ್ಟೆ. ಶಂಶಣ್ಣ ಹಾಯಿಯನ್ನು ಹುಣಸೂರಿಗೆ ಒಯ್ಯುತ್ತೇನೆ ಎಂದ.

"ಬಟ್ಟೆ ಇಲ್ಲಿಂದ ಕದಲಲ್ಲ" ಎಂದರು ಉಷಾರಾಣಿ. "ಬೇಕಾದ್ರೆ ಮಿಷಿನ್ನು ಇಲ್ಲಿಗೆ ತನ್ನಿ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಎಂಟು ತುಂಡಿನಲ್ಲಿ ನಮ್ಮ ಅಂಗಡಿಯಲ್ಲಿ ಸಿಕ್ಕಿದ್ದು ಐದು. ಒಂದು ರತ್ನಪುರಿಯ ಗಿರಾಕಿಯ ಕೊಟ್ಟಿಗೆಯಲ್ಲಿ ಹಗ್ಗದ ಸುರುಳಿಗೆ ಕಟ್ಟಿದ ಹಾಗೆಯೇ ಇತ್ತು. ಉಳಿದೆರಡು ಸಿಗಲೇ ಇಲ್ಲ, ಅವನ್ನು ವಿರೂಪಾಕ್ಷರು ಅಕ್ಕಪಕ್ಕದ ತುಂಡು ನೋಡಿ ಲೆಕ್ಕ ಹಾಕಿದರು. ಹಾಯಿಯ ಬಟ್ಟೆಯನ್ನು ಶಂಶಣ್ಣ ಕೊಚ್ಚಿಯಿಂದ ತರಿಸಿದ. ಎಷ್ಟಾಯಿತು ಎಂದು ನನಗೆ ಹೇಳಲಿಲ್ಲ. ರಹೀಮಕ್ಕನ ಕೈಯಲ್ಲಿ ಎರಡು ಬಳೆ ಕಾಣಲಿಲ್ಲ, ಕೇಳುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ತಂಬಾಕಿನ ಹರಾಜು ಜೋರಾಗಿದ್ದ ಕಾಲ, ಅಂಗಡಿಗೆ ಬಾಗಿಲು ಹಾಕಿ, ಮಿಷಿನ್ನನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋದ.

ಕಟ್ಟೆಯ ಪಕ್ಕದ ಒಂದು ಚಪ್ಪರದಲ್ಲಿ ಹದಿನೆಂಟು ದಿನ ಹೊಲಿದ. ನಾನು ನಡುವೆ ಎರಡು ಸಲ ಹೋಗಿದ್ದೆ. ಉಷಾರಾಣಿ ಕೈಯಲ್ಲಿ ಟೇಪು ಹಿಡಿದು ಪಕ್ಕದಲ್ಲೇ ಕೂತಿರುತ್ತಿದ್ದರು. ಪ್ರತಿ ಹೊಲಿಗೆಯನ್ನು ಮೂರು ಕಡೆ ಅಳೆಯುತ್ತಿದ್ದರು. ಒಂದು ಗೆರೆ ಹೆಚ್ಚು ಕಮ್ಮಿಯಾದರೂ ಬಿಚ್ಚಿಸುತ್ತಿದ್ದರು. ನಾಲ್ಕನೆಯ ಹೊಲಿಗೆಯನ್ನು ಮೂರು ಸಲ ಬಿಚ್ಚಿಸಿದರಂತೆ. ದಾರದ ಉಂಡೆಯನ್ನು ಮೂಸಿ ನೋಡುತ್ತಿದ್ದುದನ್ನು ನಾನೇ ಕಂಡೆ. ನನ್ನ ನೆಂಟ ಒಬ್ಬನಿಗೆ ಯಾರಾದರೂ ಹಾಗೆ ಮಾಡಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಶಂಶಣ್ಣ ತಲೆ ಬಗ್ಗಿಸಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ.

"ಬೇಜಾರಿಲ್ವಾ ಅಣ್ಣ?" ಎಂದು ಊಟದ ಹೊತ್ತಿಗೆ ಕೇಳಿದೆ.

"ಅಳೀಲಿ ಬುಡ್ಲಾ" ಎಂದ.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಹಾಯಿ ಏರಿಸಿದರು. ನಾವಿಬ್ಬರೂ ಕಟ್ಟೆಯ ಮೇಲೆ ನಿಂತಿದ್ದೆವು. ಒಂದೆರಡು ಸಲ ಬಡಿದುಕೊಂಡು, ಆಮೇಲೆ ಬಟ್ಟೆ ನಡುವಿನಿಂದ ಮೆಲ್ಲಗೆ ಉಬ್ಬಿತು. ಮೊದಲಿನಷ್ಟೇ ಉಬ್ಬಿತೋ ಒಂದು ಗುಲಗಂಜಿ ಕಮ್ಮಿಯೋ ನನಗೆ ತಿಳಿಯದು, ದೋಣಿಯಂತೂ ಹೊರಟಿತು. ನನಗೆ ಕಣ್ಣಲ್ಲಿ ನೀರು ಬಂತು, ಶಂಶಣ್ಣನ ಬೆನ್ನಿಗೆ ಗುದ್ದಿದೆ. ವಿರೂಪಾಕ್ಷರು ಚುಕ್ಕಾಣಿ ಹಿಡಿದವರು ಹಿಂದಕ್ಕೆ ತಿರುಗಿ ಒಂದು ಕೈ ಬೀಸಿದರು. ಮನೆ ಉಳಿಯಿತು ಎಂದು ನಾನು ನಾಲ್ಕು ಜನರಿಗೆ ಕೇಳುವಂತೆ ಕೂಗಿದೆ.

ಶಂಶಣ್ಣ ನಗಲಿಲ್ಲ. ಅವನು ಉಷಾರಾಣಿಯನ್ನೇ ನೋಡುತ್ತಿದ್ದ. ಆಕೆ ಸಮುದ್ರದ ಕಡೆ ನೋಡುತ್ತಿರಲಿಲ್ಲ, ನಮ್ಮ ಕಡೆಗೂ ನೋಡುತ್ತಿರಲಿಲ್ಲ. ಕಂಬದ ಬುಡದಲ್ಲಿ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು, ತಲೆ ಎತ್ತಿ ಹೊಲಿಗೆಗಳನ್ನು ಕೆಳಗಿನಿಂದ ಮೇಲಿನವರೆಗೆ ಒಂದೊಂದಾಗಿ ನೋಡುತ್ತಿದ್ದರು. ಮೇಲಿನವರೆಗೆ ಹೋದ ಮೇಲೆ ಮತ್ತೆ ಕೆಳಗಿನಿಂದ ಶುರು ಮಾಡಿದರು. ದೋಣಿ ತಿರುವಿನಲ್ಲಿ ಮರೆಯಾಗುವ ತನಕ ತಲೆ ಇಳಿಸಲಿಲ್ಲ.

"ಇನ್ಮೇಲೆ ಆ ತಾಯಿ ದಿನಾ ಅಂಗೇ ನೋಡ್ತಾ ಇರ್ತಾಳೆ ಕಣ್ಲಾ ಚೆಲುವ" ಎಂದ ಶಂಶಣ್ಣ. "ನನ್ನ ರೋಗಾನ ನಾನೇ ಅಂಟಿಸ್ಬುಟ್ಟೆ."